ಕೈ ಶುದ್ಧವಿದ್ದರೂ ನಂಬಿಕೆ ಹೋಗಿತ್ತು

(ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಅವರು ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು ನಲವತ್ತು ದಾಟಿದೆ. ಪ್ಯಾಕಿಂಗ್ ಡಬ್ಬ ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ ಇಬ್ಬರು ಪಾಲುದಾರರ ಪೈಕಿ ಒಬ್ಬರು. ಡಾಕ್ಟರ್ ಎಲ್ಲ ಪರೀಕ್ಷೆ ಮಾಡಿಸಿ, ದೇಹದಲ್ಲಿ ತೊಂದರೆ ಇಲ್ಲ ಅಂದ ಮೇಲೆ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕಳಿಸಿದ್ದರು.

ನಿದ್ದೆಯ ಮಾತು ಐದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಹೊರಗೆ ಬಂದದ್ದು ಬರೀ ನೋವು. ಇಷ್ಟು ವರ್ಷ ಜೊತೆಗಿದ್ದ ಪಾಲುದಾರರು ಈಗ ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಬೇಕು ಅನ್ನುತ್ತಾರೆ. ಗಿರಾಕಿಗಳು ಇವರ ಜೊತೆ ಮಾತಾಡಿದ ಮೇಲೆ ಅವರಿಗೂ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. "ಮೇಡಂ, ನಾನು ಯಾರ ದುಡ್ಡನ್ನೂ ತಿಂದವನಲ್ಲ. ಲೆಕ್ಕ ತೆಗೆದು ನೋಡಲಿ. ಆದರೂ ನನ್ನನ್ನ ಕಳ್ಳನ ಥರ ನೋಡ್ತಾರೆ" ಅಂದರು. ಲೆಕ್ಕದ ಮಾತು ನಿಜವೇ ಇತ್ತು. ಪಾಲುದಾರರೂ ಹಣದ ವಿಷಯದಲ್ಲಿ ಒಂದು ದಿನವೂ ಬೆರಳು ತೋರಿಸಿರಲಿಲ್ಲ.

ನಡತೆ ಅಂದರೆ ಏನು ಅಂತ ಇಂಥ ಹೊತ್ತಿನಲ್ಲಿ ಚರ್ಚೆಗೆ ಕೂತರೆ ಕೆಲಸ ಕೆಡುತ್ತದೆ. ಎಲ್ಲರಿಗೂ ಉತ್ತರ ಗೊತ್ತಿರುತ್ತದೆ. ಹಾಗಾಗಿ ಒಂದೇ ಒಂದು ಆರ್ಡರ್ ತೆಗೆದುಕೊಂಡು, ಮೊದಲಿಂದ ಕೊನೆಯವರೆಗೆ ಯಾರಿಗೆ ಏನು ಹೇಳಿದಿರಿ, ಆ ಹೊತ್ತಿಗೆ ಡಬ್ಬ ಎಲ್ಲಿತ್ತು, ಅಷ್ಟನ್ನೇ ಹೇಳಿ ಅಂದೆ.

ಗಿರಾಕಿ ಕೇಳಿದ್ದು ಸೋಮವಾರಕ್ಕೆ. ಬುಧವಾರದ ಮೊದಲು ಆಗಲ್ಲ ಅಂತ ಇವರಿಗೆ ಅದೇ ನಿಮಿಷ ಗೊತ್ತಿತ್ತು. "ಆಯ್ತು ಸರ್, ಮಾಡಿಕೊಡೋಣ" ಅಂದರು. ಸೋಮವಾರ ಬೆಳಿಗ್ಗೆ ಫೋನ್ ಬಂತು. "ಗಾಡಿ ಹೊರಟಿದೆ ಸರ್." ಆಗ ಶೀಟುಗಳ ಪ್ರಿಂಟಿಂಗ್ ಮುಗಿದಿತ್ತು, ಕಟಿಂಗ್ ಶುರುವಾಗಿರಲಿಲ್ಲ. ಮಧ್ಯಾಹ್ನ ಮತ್ತೆ ಫೋನ್. ಈ ಸಲ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು. ಸಂಜೆ ಫೋನ್ ಎತ್ತಿದ್ದು ಆಫೀಸಿನ ಹುಡುಗಿ. "ಸರ್ ಮೀಟಿಂಗ್‌ನಲ್ಲಿದ್ದಾರೆ" ಅನ್ನುವಂತೆ ಇವರೇ ಕೈಸನ್ನೆ ಮಾಡಿದ್ದರು. ಮಂಗಳವಾರ ಆ ಗಿರಾಕಿಯ ಪ್ಯಾಕಿಂಗ್ ವಿಭಾಗದಲ್ಲಿ ಜನ ಕೈಕಟ್ಟಿ ಕೂತಿದ್ದರು. ಡಬ್ಬ ತಲುಪಿದ್ದು ಬುಧವಾರ ಸಂಜೆ. ಮಾಲು ಚೆನ್ನಾಗಿತ್ತು ಅನ್ನೋದನ್ನ ಇವರು ಎರಡೆರಡು ಸಲ ಹೇಳಿದರು.

"ಮೊದಲ ದಿನವೇ ಬುಧವಾರ ಅಂದಿದ್ದರೆ ಏನಾಗ್ತಿತ್ತು?"

"ಬೈತಿದ್ದರು."

"ಎಷ್ಟು ಹೊತ್ತು?"

ಸ್ವಲ್ಪ ಯೋಚಿಸಿ ನಕ್ಕರು. "ಎರಡು ನಿಮಿಷ ಇರಬಹುದು."

ಎರಡು ನಿಮಿಷದ ಬೈಗುಳ ತಪ್ಪಿಸಿಕೊಳ್ಳಲು ಮೂರು ದಿನ ಹೆದರಿಕೊಂಡು ಓಡಾಡಿದ್ದಾರೆ. ರಾತ್ರಿ ನಿದ್ದೆ ಕೆಡಿಸುತ್ತಿದ್ದದ್ದು ಇದೇ. ಯಾರಿಗೆ ಯಾವ ಕಥೆ ಹೇಳಿದ್ದೇನೆ ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಂಡು ಮಲಗುತ್ತಿದ್ದರು.

ಇವರಲ್ಲಿ ದುರಾಸೆ ಕಾಣಲಿಲ್ಲ. ಎದುರಿನವರ ಮುಖ ಸಪ್ಪಗಾಗುವುದನ್ನು ನೋಡಲಾರರು, ಅಷ್ಟೇ. ಎಲ್ಲರೂ ಇವರನ್ನು ಒಳ್ಳೆಯವರು ಅನ್ನುತ್ತಿದ್ದದ್ದೂ ಅದಕ್ಕೇ. ಕೇಳಿದವರಿಗೆಲ್ಲ ಹೂಂ ಅನ್ನುವ ಮನುಷ್ಯ ಮೊದಮೊದಲು ತುಂಬ ಹಿತವಾಗಿರುತ್ತಾರೆ.

ಮನೆಯಲ್ಲೂ ಇದೇ ಕಥೆ. ಒಂದು ಸಲ ಹೆಂಡತಿಯವರೂ ಜೊತೆಗೆ ಬಂದಿದ್ದರು. ಮಗಳ ಆಟದ ಪಂದ್ಯಕ್ಕೆ ಬರುತ್ತೇನೆ ಅಂತ ಹೇಳಿ ಹೋಗದೇ ಇದ್ದದ್ದು ಎಷ್ಟೋ ಸಲ. "ಈಗ ಅವಳು ಜಗಳ ಆಡೋದಿಲ್ಲ. ಅಪ್ಪ ಬರ್ತೀನಿ ಅಂದ ತಕ್ಷಣ ನನ್ನ ಹತ್ರ ಬಂದು, ಅಮ್ಮ ನೀನು ಬಾ ಅಂತಾಳೆ" ಅಂದರು. ಇವರು ನೆಲ ನೋಡುತ್ತಾ ಕೂತರು. ಪಾಲುದಾರರ ಜೋಡಿ ಸಹಿಯೂ ಮಗಳ ಈ ಮಾತೂ ಒಂದೇ ಅಂತ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಇಲ್ಲಿ ಒಂದು ಹಳೆಯ ಅಧ್ಯಯನದ ಮಾತು ಬರುತ್ತದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ಸಂಶೋಧಕರು ಸಾವಿರಾರು ಶಾಲಾ ಮಕ್ಕಳ ಪ್ರಾಮಾಣಿಕತೆಯನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಪರೀಕ್ಷಿಸಿದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡುತ್ತದೆ ಅಂತ ಹೇಳಲು ಆಗಲಿಲ್ಲ. ಈ ತೀರ್ಮಾನದ ಬಗ್ಗೆ ಆಮೇಲೆ ಬಹಳ ವಾದ ನಡೆದಿದೆ. ನನ್ನ ಕೆಲಸದಲ್ಲಂತೂ ಇದನ್ನು ದಿನಾ ನೋಡುತ್ತೇನೆ. ದುಡ್ಡಿನಲ್ಲಿ ಕಟ್ಟುನಿಟ್ಟಾಗಿರುವವರು ದಿನಾಂಕದಲ್ಲಿ ಸಡಿಲ. "ನಾನು ಪ್ರಾಮಾಣಿಕ" ಅನ್ನುವಾಗ ಇವರು ತಮಗೆ ಸುಲಭವಾಗಿ ಬರುವ ಪ್ರಾಮಾಣಿಕತೆಯನ್ನಷ್ಟೇ ಲೆಕ್ಕ ಹಿಡಿದಿದ್ದರು. ಗಿರಾಕಿಗೆ ಬೇಕಾಗಿದ್ದದ್ದು ಇನ್ನೊಂದು.

ಸಣ್ಣ ಸುಳ್ಳು ಅಭ್ಯಾಸವಾಗುತ್ತಾ ಹೋದರೆ ಚುಚ್ಚುವುದೂ ಕಡಿಮೆಯಾಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನ ತಮ್ಮ ಲಾಭಕ್ಕಾಗಿ ಮತ್ತೆ ಮತ್ತೆ ಸುಳ್ಳು ಹೇಳುವಾಗ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ ಭಾಗದ ಪ್ರತಿಕ್ರಿಯೆ ಬರಬರುತ್ತಾ ತಗ್ಗಿತು, ಸುಳ್ಳು ದೊಡ್ಡದಾಗುತ್ತಾ ಹೋಯಿತು. ಇವರಿಗೆ ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. "ಇಷ್ಟು ಸಣ್ಣದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು" ಅಂತ ಅವರು ಕೇಳಿದ್ದರು, ಅದಕ್ಕೆ.

ಆಮೇಲಿನ ಭೇಟಿಯಲ್ಲಿ ಅವರು ಇನ್ನೊಂದು ತುದಿಗೆ ಹೋದರು. "ನಾನೊಬ್ಬ ಸುಳ್ಳುಗಾರ, ನನ್ನ ಬುದ್ಧಿಯೇ ಇಷ್ಟು." ಕೇಳುವವರಿಗೆ ಇದು ಪಶ್ಚಾತ್ತಾಪದ ಹಾಗೆ ಕಾಣಿಸುತ್ತದೆ. ನನಗೆ ಅದರ ಬಗ್ಗೆ ಅನುಮಾನ ಜಾಸ್ತಿ. "ನಾನು ಮಾಡಿದ್ದು ತಪ್ಪು" ಅಂದವರು ಸರಿಪಡಿಸಲು ಏನು ಮಾಡಲಿ ಅಂತ ಕೇಳುತ್ತಾರೆ. "ನಾನೇ ಕೆಟ್ಟವನು" ಅಂದವರು ಮೂಲೆ ಹುಡುಕುತ್ತಾರೆ, ಮರೆಮಾಚಲು ಇನ್ನೊಂದು ಸುಳ್ಳು ಹೇಳುತ್ತಾರೆ. ಮನಶ್ಶಾಸ್ತ್ರದಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತಾರೆ. ಹಾಗಾಗಿ ಮತ್ತೆ ಆ ಡಬ್ಬದ ಆರ್ಡರ್‌ಗೇ ಕರೆದುಕೊಂಡು ಬಂದೆ.

ಮರುದಿನವೇ ಎಲ್ಲ ಕೆಲಸಗಾರರನ್ನೂ ಸೇರಿಸಿ "ಇವತ್ತಿನಿಂದ ಈ ಕಾರ್ಖಾನೆಯಲ್ಲಿ ಸುಳ್ಳು ಇಲ್ಲ" ಅಂತ ಹೇಳಬೇಕು ಅಂದುಕೊಂಡಿದ್ದರು. ದಯವಿಟ್ಟು ಬೇಡ ಅಂದೆ. ಅದೂ ಇನ್ನೊಂದು ದೊಡ್ಡ ಭರವಸೆ ಅಲ್ವಾ?

ನಾನು ಕೊಟ್ಟ ಸಲಹೆ ಸಪ್ಪೆಯಾದದ್ದು. ಯಾರು ದಿನಾಂಕ ಕೇಳಿದರೂ ಅಲ್ಲೇ ಉತ್ತರ ಕೊಡಬೇಡಿ. ಮಿಷನ್ ನೋಡಿಕೊಂಡು ಒಂದು ಗಂಟೆಯಲ್ಲಿ ಹೇಳುತ್ತೇನೆ ಅನ್ನಿ, ಹೇಳಿದ ಗಂಟೆಗೆ ಫೋನ್ ಮಾಡಿ. ಕೊಟ್ಟ ಮಾತನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. ಮನೆಯಲ್ಲಿ ಕೊಟ್ಟದ್ದೂ ಅದೇ ಪುಸ್ತಕದಲ್ಲಿರಲಿ. ತಡವಾಗುತ್ತದೆ ಅಂತ ಗೊತ್ತಾದರೆ ಅವರು ಕೇಳುವ ಮೊದಲು, ಅದೇ ದಿನ, ನೀವೇ ಹೇಳಿ. ಹೇಳುವಾಗ ಕಾರಣಗಳ ಸರಮಾಲೆ ಬೇಡ. ಇನ್ನು ಆಫೀಸಿನ ಹುಡುಗಿಯ ಕೈಲಿ "ಮೀಟಿಂಗ್" ಅನ್ನಿಸುವುದನ್ನು ಇವತ್ತೇ ನಿಲ್ಲಿಸಿ. ಈ ಕೊನೆಯದನ್ನು ಒತ್ತಿ ಹೇಳಿದೆ. ನಿಮಗೋಸ್ಕರ ಸುಳ್ಳು ಹೇಳುವುದನ್ನು ಕಲಿತವರು ನಿಮಗೂ ಹೇಳುತ್ತಾರೆ. ಅವರ ಸೂಪರ್‌ವೈಸರ್ ಆಗಲೇ ಶುರು ಮಾಡಿದ್ದರು. ಮಿಷನ್ ಬೆಳಿಗ್ಗೆ ನಿಂತರೆ ಮಾಲೀಕರಿಗೆ ಗೊತ್ತಾಗುತ್ತಿದ್ದದ್ದು ಸಂಜೆ.

ಪಾಲುದಾರರ ಹತ್ತಿರ ಏನು ಮಾತಾಡಬೇಕು ಅನ್ನುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. "ಕ್ಷಮಿಸು, ಆದರೆ..." ಅಂತಲೇ ಅವರ ಮಾತು ಶುರುವಾಗುತ್ತಿತ್ತು. ಆ "ಆದರೆ" ತೆಗೆಯಲು ಅಲ್ಲೇ ಕೂತು ಹೇಳಿ ಹೇಳಿ ಅಭ್ಯಾಸ ಮಾಡಿದರು. ಇಂಥ ಗಿರಾಕಿಗಳಿಗೆ ಹೀಗೆ ಹೇಳಿದ್ದೆ, ನಿನಗೂ ಹೇಳಿರಲಿಲ್ಲ, ಇನ್ನು ಮುಂದೆ ದಿನಾಂಕದ ಪುಸ್ತಕ ಇಬ್ಬರ ಮೇಜಿನ ಮಧ್ಯೆ ಇರಲಿ. ಇಷ್ಟು ಹೇಳಿ ಸುಮ್ಮನಾಗಬೇಕು ಅಂತ ಒಪ್ಪಂದ.

ಪುಸ್ತಕ ಶುರುವಾದ ಮೇಲೆ ಒಬ್ಬ ಗಿರಾಕಿ ಬಿಟ್ಟು ಹೋದರು. ಅವರಿಗೆ ಸೋಮವಾರವೇ ಬೇಕಿತ್ತು, ಇವರು ಆಗಲ್ಲ ಅಂದರು, ಅವರು ಬೇರೆ ಕಡೆ ಮಾಡಿಸಿಕೊಂಡರು. ನಿಜ ಹೇಳಿದರೆ ವ್ಯಾಪಾರ ತಾನಾಗಿಯೇ ಬೆಳೆಯುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಇವರಿಗೂ ಕೊಟ್ಟಿರಲಿಲ್ಲ. ಉಳಿದ ಗಿರಾಕಿಗಳು ಪಾಲುದಾರರಿಗೆ ಮಾಡುತ್ತಿದ್ದ ಎರಡನೇ ಫೋನ್ ಮಾತ್ರ ನಿಧಾನಕ್ಕೆ ಕಡಿಮೆಯಾಯಿತು. ಸೂಪರ್‌ವೈಸರ್ ಒಂದು ದಿನ ಬೆಳಿಗ್ಗೆಯೇ ಬಂದು ಮಿಷನ್ ನಿಂತಿದೆ ಅಂದರು. ಬೈಯಲು ಬಾಯಿ ತೆರೆದು, ತಡೆದುಕೊಂಡೆ ಅಂತ ಇವರು ಹೇಳಿದರು. ನಿದ್ದೆ ಬಹುಪಾಲು ಸರಿಯಾಗಿದೆ.

ಮಗಳ ವಿಷಯದಲ್ಲಿ ಅವರಿಗೆ ಆತುರ. ಅವಳಿಗೆ ಉಪದೇಶವೂ ಬೇಡ, ದೊಡ್ಡ ಉಡುಗೊರೆಯೂ ಬೇಡ ಅಂದೆ. ಆಗುವುದಾದರೆ ಬರುತ್ತೇನೆ ಅನ್ನಿ, ಆಗದಿದ್ದರೆ ಹಿಂದಿನ ದಿನವೇ ಆಗಲ್ಲ ಅನ್ನಿ. ಹಾಗೆ ಹೇಳಿದ ಮೊದಲ ಸಲ ಅವಳು "ಸರಿ" ಅಂದಳಂತೆ, ಅಷ್ಟೇ.

ಜೋಡಿ ಸಹಿ ಇನ್ನೂ ಇದೆ. ತೆಗೆಯಿರಿ ಅಂತ ಕೇಳಲಾ ಅಂತ ಹೋದ ತಿಂಗಳು ಕೇಳಿದರು. ಕೇಳಬೇಡಿ ಅಂದಿದ್ದೇನೆ. ಅದನ್ನು ಯಾವಾಗ ತೆಗೆಯಬೇಕು ಅನ್ನುವುದು ಪಾಲುದಾರರಿಗೆ ಬಿಟ್ಟದ್ದು.