ಪ್ರೊಲ್ಯಾಕ್ಟಿನ್ ಇಳಿಯಿತು, ಗೆಡ್ಡೆ ಯಾಕೆ ಇಳಿಯಲಿಲ್ಲ?

ಪಿಟ್ಯುಟರಿ ಎಂಬ ಹಾರ್ಮೋನ್ ಗ್ರಂಥಿಯ ಗೆಡ್ಡೆ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ಕೂತು ಓದಿದೆ. ಹಾರ್ಮೋನ್ ಜಾಸ್ತಿ ಮಾಡದ ಗೆಡ್ಡೆ ಇರುವವರೇ ಹೆಚ್ಚು. ಅದರಲ್ಲೂ ಅರ್ಧ ಜನ ಕೇಳಿರುವುದು ಒಂದೇ ಪ್ರಶ್ನೆ, ವಯಸ್ಸು ಮತ್ತು ಅಳತೆ ಮಾತ್ರ ಬೇರೆ. ಪಿಟ್ಯುಟರಿ ಎಲ್ಲಿರುತ್ತದೆ, ಎಷ್ಟು ದೊಡ್ಡದು ಎಂದು ಹೇಳುತ್ತಾ ಕೂರುವುದಿಲ್ಲ. ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ದಿನ ರಾತ್ರಿಯೇ ನೀವೆಲ್ಲ ಅದನ್ನು ಓದಿ ಮುಗಿಸಿರುತ್ತೀರಿ. ಮೊದಲು ಒಬ್ಬರ ಪ್ರಶ್ನೆ, ಅದರ ಕೆಳಗೆ ನನ್ನ ಉತ್ತರ. ಉಳಿದವೂ ಹೀಗೇ.

ನನಗೆ 46 ವರ್ಷ. ಒಂದೂವರೆ ವರ್ಷದಿಂದ ಮುಟ್ಟು ಇಲ್ಲ. ಎಂಆರ್‌ಐಯಲ್ಲಿ 24 ಮಿಲಿಮೀಟರ್ ಪಿಟ್ಯುಟರಿ ಗೆಡ್ಡೆ ಕಂಡಿತು. ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ 68 ಇತ್ತು. ಎಂಟು ತಿಂಗಳಿಂದ ವಾರಕ್ಕೆರಡು ಸಲ ಕ್ಯಾಬರ್‌ಗೊಲಿನ್ ನುಂಗುತ್ತಿದ್ದೇನೆ. ಈಗ ಪ್ರೊಲ್ಯಾಕ್ಟಿನ್ 3. ಆದರೆ ಗೆಡ್ಡೆ ಒಂದು ಮಿಲಿಮೀಟರ್ ಕೂಡ ಕಡಿಮೆಯಾಗಿಲ್ಲ. ಡೋಸ್ ಜಾಸ್ತಿ ಮಾಡಿದರೆ ಕರಗುತ್ತದಾ?

ಇಲ್ಲ. ಡೋಸ್ ಎರಡು ಪಟ್ಟು ಮಾಡಿದರೂ ಕರಗುವ ಲಕ್ಷಣ ಇಲ್ಲ. ಮೊದಲ ದಿನವೇ 24 ಮತ್ತು 68 ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

ಪಿಟ್ಯುಟರಿಯ ಬೇರೆ ಹಾರ್ಮೋನ್‌ಗಳೆಲ್ಲ ಮುಖ್ಯವಾಗಿ ಮೇಲಿಂದ 'ಹೊರಡು' ಎಂಬ ಆಜ್ಞೆ ಬಂದರೆ ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಮಾತ್ರ ಉಲ್ಟಾ. ಅದಕ್ಕೆ ಯಾವಾಗಲೂ ಬ್ರೇಕ್ ಹಾಕಿರುತ್ತದೆ. ಆ ಬ್ರೇಕೇ ಡೋಪಮೈನ್. ಅದು ಮಿದುಳಿನಿಂದ ಒಂದು ಸಣ್ಣ ತೊಟ್ಟಿನ ಮೂಲಕ ಗ್ರಂಥಿಗೆ ಇಳಿಯುತ್ತದೆ. ಯಾವುದೇ ಗೆಡ್ಡೆ ಬೆಳೆದು ಆ ತೊಟ್ಟನ್ನು ಒತ್ತಿದರೆ ಬ್ರೇಕ್ ಸಡಿಲವಾಗುತ್ತದೆ. ಆಗ ಪಕ್ಕದಲ್ಲಿರುವ ಆರೋಗ್ಯವಂತ ಜೀವಕೋಶಗಳು ಪ್ರೊಲ್ಯಾಕ್ಟಿನ್ ಸೋರಿಸುತ್ತವೆ. ನಿಮ್ಮ 68 ಬಂದದ್ದು ಬಹುತೇಕ ಅಲ್ಲಿಂದ. ಗೆಡ್ಡೆ ತಾನು ಏನೂ ತಯಾರಿಸದೆ ಪಕ್ಕದವರನ್ನು ಒತ್ತುತ್ತಾ ಕೂತಿದೆ, ಅಷ್ಟೇ.

ಕ್ಯಾಬರ್‌ಗೊಲಿನ್ ಡೋಪಮೈನ್‌ನ ಕೆಲಸವನ್ನು ತಾನು ಮಾಡುವ ಮಾತ್ರೆ. ನುಂಗಿದ ಕೂಡಲೇ ಆ ಒಳ್ಳೆಯ ಜೀವಕೋಶಗಳು ಸುಮ್ಮನಾದವು, 68 ಇಳಿದು 3 ಆಯಿತು. ರಿಪೋರ್ಟ್ ನೋಡಿ ಎಲ್ಲರಿಗೂ ಖುಷಿ. ಗೆಡ್ಡೆಗೆ ಮಾತ್ರ ಇದ್ಯಾವುದೂ ತಿಳಿದೇ ಇಲ್ಲ.

ನಿಜವಾಗಿ ಪ್ರೊಲ್ಯಾಕ್ಟಿನ್ ಸುರಿಸುವ ಗೆಡ್ಡೆಯಾದರೆ ಗಾತ್ರ ಬೆಳೆದಂತೆ ಅಂಕಿಯೂ ಬೆಳೆಯುತ್ತದೆ. ಎರಡು ಸೆಂಟಿಮೀಟರ್ ದಾಟಿದರೆ ಸಾಮಾನ್ಯವಾಗಿ 200ರ ಮೇಲೆ, ಎಷ್ಟೋ ಸಲ ಸಾವಿರಗಳಲ್ಲಿ ಇರುತ್ತದೆ. ತೊಟ್ಟು ಒತ್ತಿದ್ದರಿಂದ ಏರುವ ಪ್ರೊಲ್ಯಾಕ್ಟಿನ್ 100 ದಾಟುವುದು ಕಡಿಮೆ. ನಾನು ಹೇಳುತ್ತಿರುವುದು ಮಿಲಿಲೀಟರಿಗೆ ನ್ಯಾನೊಗ್ರಾಂ ಲೆಕ್ಕ. ಕೆಲವು ಲ್ಯಾಬ್‌ಗಳು ಬೇರೆ ಯೂನಿಟ್‌ನಲ್ಲಿ ಕೊಡುತ್ತವೆ, ಅದರಲ್ಲಿ ಅಂಕಿ ಸುಮಾರು 21 ಪಟ್ಟು ದೊಡ್ಡದಾಗಿ ಕಾಣುತ್ತದೆ. ಯೂನಿಟ್ ನೋಡದೆ ಗಾಬರಿಯಾಗಬೇಡಿ.

ಹಾಗಂತ ಕಡಿಮೆ ಅಂಕಿಯನ್ನು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಗೆಡ್ಡೆ ಬಹಳ ದೊಡ್ಡದಿದ್ದು ಪ್ರೊಲ್ಯಾಕ್ಟಿನ್ ಪ್ರವಾಹದಂತೆ ಇದ್ದರೆ ಪರೀಕ್ಷೆಯೇ ಕಟ್ಟಿಕೊಂಡು ಸುಳ್ಳು ಕಡಿಮೆ ಅಂಕಿ ತೋರಿಸಬಹುದು. ರಕ್ತದ ಮಾದರಿಯನ್ನು 100 ಪಟ್ಟು ತೆಳು ಮಾಡಿ ಮತ್ತೆ ನೋಡಿ ಎಂದು ಲ್ಯಾಬಿಗೆ ಒಂದು ಮಾತು ಹೇಳಿದರೆ ಸಾಕು. ಆ ಒಂದು ಮಾತು ಹೇಳದೆ ಮಾತ್ರೆಯಲ್ಲೇ ಹೋಗಬಹುದಾಗಿದ್ದ ಗೆಡ್ಡೆಗೆ ಸರ್ಜರಿ ಆದದ್ದೂ ಉಂಟು. ಇನ್ನು ವಾಂತಿಗೆ, ಗ್ಯಾಸ್‌ಗೆ ಕೊಡುವ ಡೊಂಪೆರಿಡೋನ್, ಲೆವೊಸಲ್ಪಿರೈಡ್, ಮನೋರೋಗದ ಕೆಲವು ಮಾತ್ರೆಗಳು, ಇವೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. 'ಬೇರೆ ಯಾವ ಮಾತ್ರೆಯೂ ಇಲ್ಲ' ಎನ್ನುವವರ ಚೀಲದಲ್ಲೇ ಗ್ಯಾಸಿನ ಮಾತ್ರೆ ಇರುತ್ತದೆ. ಅದು ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ!

ಇನ್ನೊಂದು ವಿಷಯ. ಥೈರಾಯ್ಡ್ ತೀರಾ ಸೋತು ಬಹಳ ದಿನ ಚಿಕಿತ್ಸೆ ಇಲ್ಲದಿದ್ದರೆ ಪಿಟ್ಯುಟರಿಯೇ ಉಬ್ಬಿಕೊಳ್ಳುತ್ತದೆ. ಪ್ರೊಲ್ಯಾಕ್ಟಿನ್ ಕೂಡ ಸ್ವಲ್ಪ ಏರುತ್ತದೆ. ಸ್ಕ್ಯಾನ್‌ನಲ್ಲಿ ಥೇಟ್ ಗೆಡ್ಡೆಯಂತೆ ಕಾಣುತ್ತದೆ. ಥೈರಾಕ್ಸಿನ್ ಕೊಟ್ಟರೆ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಅದಕ್ಕೇ ಥೈರಾಯ್ಡ್ ಪರೀಕ್ಷೆ ನೋಡದೆ ಯಾರೂ ಮೂಗಿನ ಮೂಲಕ ಮಾಡುವ ಸರ್ಜರಿಗೆ ಕೈ ಹಾಕಬಾರದು.

ಈಗ ನನಗೆ ನಿಜವಾಗಿ ಸಿಟ್ಟು ಬರಿಸಿದ ಸಂಗತಿ. ಇಷ್ಟುದ್ದ ಬರೆದಿದ್ದೀರಿ, ನೋಟ ಎಷ್ಟು ಅಗಲಕ್ಕೆ ಹರಡಿದೆ ಎಂದು ಅಳೆಯುವ ಕಣ್ಣಿನ ಫೀಲ್ಡ್ ಪರೀಕ್ಷೆಯ ಮಾತೇ ಇಲ್ಲ. ಎರಡೂ ಕಣ್ಣಿನ ನರಗಳು ಗ್ರಂಥಿಯ ನೆತ್ತಿಯ ಮೇಲೆ ಒಂದನ್ನೊಂದು ಹಾಯುತ್ತವೆ. ಗೆಡ್ಡೆ ಮೇಲೆ ಬಂದರೆ ಮೊದಲು ಹೋಗುವುದು ಎರಡೂ ಬದಿಯ ಹೊರನೋಟ. ನೇರ ನೋಟ ಚೆನ್ನಾಗಿಯೇ ಇರುತ್ತದೆ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದುತ್ತೀರಿ. ಆದರೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತೀರಿ, ಪಕ್ಕದಿಂದ ಬಂದ ಗಾಡಿ ಕಾಣುವುದಿಲ್ಲ. ಇದಕ್ಕೆ ಎರಡು ಸಲ ಕನ್ನಡಕ ಬದಲಿಸಿ ಬಂದವರನ್ನು ನೋಡಿದ್ದೇನೆ. ಅಕ್ಷರ ಓದಿಸುವುದು ಬೇರೆ, ಪೆರಿಮೆಟ್ರಿ ಎಂಬ ಈ ಫೀಲ್ಡ್ ಪರೀಕ್ಷೆ ಬೇರೆ. ಈ ವಾರವೇ ಪೆರಿಮೆಟ್ರಿ ಮಾಡಿಸಿ.

ಜೊತೆಗೆ ಬೆಳಿಗ್ಗೆ 8ರ ಹೊತ್ತಿನ ಕಾರ್ಟಿಸಾಲ್ (ದೇಹಕ್ಕೆ ಕಷ್ಟ ತಾಳಿಸುವ ಹಾರ್ಮೋನ್), ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್), ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಆಜ್ಞೆ ಕೊಡುವ ಹಾರ್ಮೋನ್), ಐಜಿಎಫ್-1 (ಬೆಳವಣಿಗೆ ಹಾರ್ಮೋನಿನ ಅಳತೆ) ನೋಡಬೇಕು. 'ಹಾರ್ಮೋನ್ ಜಾಸ್ತಿ ಮಾಡದ ಗೆಡ್ಡೆ' ಎನ್ನುವುದು ಪರೀಕ್ಷೆ ಮಾಡಿದ ಮೇಲೆ ಹೇಳುವ ಮಾತು. ಜಾಸ್ತಿ ಇಲ್ಲ ಎಂದ ಮಾತ್ರಕ್ಕೆ ಕಡಿಮೆಯೂ ಇಲ್ಲ ಎಂದಲ್ಲ. ಒತ್ತಡಕ್ಕೆ ಸಿಕ್ಕ ಗ್ರಂಥಿ ಒಂದೊಂದೇ ಹಾರ್ಮೋನ್ ಕೈಬಿಡುತ್ತಾ ಹೋಗುತ್ತದೆ. ನಿಮ್ಮ ವಿಷಯದಲ್ಲಿ ಎಫ್‌ಎಸ್‌ಎಚ್ ಬಹಳ ಹೇಳುತ್ತದೆ. ವಯಸ್ಸಿನಿಂದ ಮುಟ್ಟು ನಿಂತಿದ್ದರೆ ಅದು ಎತ್ತರದಲ್ಲಿ ಇರಬೇಕು. ಪ್ರೊಲ್ಯಾಕ್ಟಿನ್ ಇಷ್ಟು ಇಳಿದ ಮೇಲೂ ಮುಟ್ಟು ಬಾರದೆ, ಎಫ್‌ಎಸ್‌ಎಚ್ ಕೂಡ ತಳದಲ್ಲಿದ್ದರೆ ಗ್ರಂಥಿಯೇ ಸೊರಗಿದೆ.

ಫೀಲ್ಡ್ ಹೋಗುತ್ತಿದ್ದರೆ ಅಥವಾ ಗೆಡ್ಡೆ ಕಣ್ಣಿನ ನರವನ್ನು ಒತ್ತುತ್ತಿದ್ದರೆ ಸರ್ಜರಿಯೇ ದಾರಿ. ಮೂಗಿನ ಮೂಲಕ ಮಾಡುತ್ತಾರೆ, ತಲೆಬುರುಡೆ ತೆರೆಯಬೇಕಾಗುವುದು ಅಪರೂಪ. ಇದನ್ನು ವಾರವಾರವೂ ಮಾಡುವ ನ್ಯೂರೋಸರ್ಜನ್ ಹುಡುಕಿ. ವರ್ಷಕ್ಕೆ ನಾಲ್ಕು ಮಾಡುವವರ ಬಳಿ ನನ್ನ ಮನೆಯವರನ್ನು ನಾನು ಕಳಿಸುವುದಿಲ್ಲ. ಒತ್ತಡ ಇಳಿದರೆ ನೋಟ ಬಹಳ ಜನರಿಗೆ ಸುಧಾರಿಸುತ್ತದೆ. ಹೋದ ಹಾರ್ಮೋನ್ ವಾಪಸ್ ಬರುವ ಖಾತ್ರಿ ಅಷ್ಟಿಲ್ಲ. ಮನೆಗೆ ಬಂದು ವಾರದ ಹೊತ್ತಿಗೆ ತಲೆನೋವು, ವಾಕರಿಕೆ, ಮಂಪರು ಶುರುವಾದರೆ ಸೋಡಿಯಂ ಪರೀಕ್ಷೆ ಮಾಡಿಸಿ. ಬಗ್ಗಿದಾಗ ಮೂಗಿನಿಂದ ನೀರು ತೊಟ್ಟಿಕ್ಕಿದರೆ ನೆಗಡಿ ಎಂದುಕೊಳ್ಳಬೇಡಿ, ಅಂದೇ ಹೋಗಿ ತೋರಿಸಿ. ಹೊಸ ಸ್ಕ್ಯಾನ್ ಮೂರು ನಾಲ್ಕು ತಿಂಗಳ ನಂತರ. ಅದಕ್ಕೆ ಮೊದಲು ಮಾಡಿದರೆ ಊತ ಯಾವುದು, ಉಳಿದ ಗೆಡ್ಡೆ ಯಾವುದು ಎಂದು ಗೊತ್ತಾಗುವುದಿಲ್ಲ.

ಎಲ್ಲ ಪರೀಕ್ಷೆಯೂ ಸರಿ ಇದ್ದು, ಕಣ್ಣಿನ ನರಕ್ಕೂ ಗೆಡ್ಡೆಗೂ ನಡುವೆ ಜಾಗ ಇದ್ದರೆ ಕಾಯಬಹುದು. ಆರು ತಿಂಗಳಿಗೆ ಒಂದು ಎಂಆರ್‌ಐ, ಆಮೇಲೆ ವರ್ಷಕ್ಕೊಂದು. ಕ್ಯಾಬರ್‌ಗೊಲಿನ್ ಮುಂದುವರಿಸಲು ನನಗಂತೂ ಕಾರಣ ಕಾಣುತ್ತಿಲ್ಲ, ಬರೆದುಕೊಟ್ಟ ವೈದ್ಯರನ್ನು ನೇರವಾಗಿ ಕೇಳಿ. ಸರ್ಜರಿಯ ನಂತರ ಉಳಿದ ಚೂರು ಬೆಳೆಯದಿರಲಿ ಎಂದು ಕೆಲವರು ಇದನ್ನು ಕೊಡುತ್ತಾರೆ. ಅದು ಬೇರೆ ಲೆಕ್ಕ.

ತಲೆನೋವಿಗೆ ಸ್ಕ್ಯಾನ್ ಮಾಡಿಸಿದಾಗ 5 ಮಿಲಿಮೀಟರ್ ಗೆಡ್ಡೆ ಸಿಕ್ಕಿತು. ತೆಗೆಸಿಬಿಡಲಾ?

ಬೇಡ. ಯಾರನ್ನೇ ಸ್ಕ್ಯಾನ್ ಮಾಡಿದರೂ ಹತ್ತರಲ್ಲಿ ಒಬ್ಬರಿಗೆ ಇಂಥದ್ದೇನಾದರೂ ಸಿಗುತ್ತದೆ. ಹಾರ್ಮೋನ್ ಒಮ್ಮೆ ನೋಡಿಸಿ, ವರ್ಷದ ನಂತರ ಇನ್ನೊಂದು ಸ್ಕ್ಯಾನ್. ನಿಮ್ಮ ತಲೆನೋವಿಗೆ ಕಾರಣ ಬೇರೆ ಕಡೆ ಹುಡುಕಿ.

ಇದು ಕ್ಯಾನ್ಸರ್ ಆಗುತ್ತದಾ?

ಇಲ್ಲ ಎಂದೇ ಇಟ್ಟುಕೊಳ್ಳಿ, ಅಷ್ಟು ಅಪರೂಪ. 2022ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇದನ್ನು 'ನ್ಯೂರೋಎಂಡೋಕ್ರೈನ್ ಟ್ಯೂಮರ್' ಎಂದು ಕರೆದ ಮೇಲೆ ರಿಪೋರ್ಟ್ ಓದಿ ಅಳುವವರು ಜಾಸ್ತಿಯಾಗಿದ್ದಾರೆ. ಬದಲಾಗಿದ್ದು ಹೆಸರು, ಗೆಡ್ಡೆಯ ಸ್ವಭಾವ ಅದೇ.

ಮೂಲಿಕೆ ಪುಡಿಯಿಂದ ಗೆಡ್ಡೆ ಕರಗಿದವರ ಸ್ಕ್ಯಾನ್ ತೋರಿಸಿದರು. ನಾನೂ ಎರಡು ತಿಂಗಳಿಂದ ತಗೋತಿದ್ದೇನೆ, ಸುಸ್ತು ಮಾಯವಾಗಿದೆ.

ಒಳಗೇ ರಕ್ತಸ್ರಾವವಾಗಿ ಗೆಡ್ಡೆ ತಾನಾಗಿ ಕುಗ್ಗುವುದುಂಟು. ಆ ಒಂದು ಸ್ಕ್ಯಾನ್ ಹಿಡಿದು ಊರೆಲ್ಲ ವ್ಯಾಪಾರ ಮಾಡುತ್ತಾರೆ. ನನಗೆ ಹೆದರಿಕೆ ಇರುವುದು ನಿಮ್ಮ ಸುಸ್ತು ಹೋದದ್ದರ ಬಗ್ಗೆ. ಇಂಥ ಪುಡಿಗಳಲ್ಲಿ ಹೇಳದೆ ಸ್ಟಿರಾಯ್ಡ್ ಬೆರೆಸಿರುವುದು ಹೊಸದಲ್ಲ. ನಿಮಗೆ ಕಾರ್ಟಿಸಾಲ್ ಕೊರತೆ ಇದ್ದರೆ ಪುಡಿ ತಿಂದಷ್ಟು ದಿನ ಚೆನ್ನಾಗಿರುತ್ತೀರಿ, ಬಿಟ್ಟ ದಿನ ಕುಸಿದು ಬೀಳುತ್ತೀರಿ. ಆದ್ದರಿಂದ ಸುಮ್ನೆ ಎಸೆಯಬೇಡಿ. ಡಬ್ಬಿ ಸಮೇತ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ವೈದ್ಯರು) ಹತ್ತಿರ ಹೋಗಿ.

ಟಿಎಸ್‌ಎಚ್ ನಾರ್ಮಲ್ ಬಂದಿದೆ. ಥೈರಾಕ್ಸಿನ್ ನಿಲ್ಲಿಸಬಹುದಲ್ವಾ?

ಟಿಎಸ್‌ಎಚ್ ಎಂದರೆ ಥೈರಾಯ್ಡ್‌ಗೆ ಆಜ್ಞೆ ಕೊಡುವ ಹಾರ್ಮೋನ್, ಅದು ಹೊರಡುವುದೇ ಪಿಟ್ಯುಟರಿಯಿಂದ. ಪಿಟ್ಯುಟರಿಯೇ ಕೆಟ್ಟಿರುವಾಗ ಅದರದ್ದೇ ಸಾಕ್ಷಿ ನಂಬುತ್ತೀರಾ? ಫ್ರೀ ಟಿ4 ನೋಡಿ. ಮತ್ತೆ, ಕಾರ್ಟಿಸಾಲ್ ಕೊರತೆ ಇದ್ದರೆ ಮೊದಲು ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಈ ಕ್ರಮ ತಪ್ಪಿದರೆ ಜೀವಕ್ಕೇ ಅಪಾಯ.

ಹೋದ ತಿಂಗಳು ರಾತ್ರಿ ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು, ವಾಂತಿ, ಒಂದು ರೆಪ್ಪೆ ಇಳಿಯಿತು. ನೋವಿನ ಮಾತ್ರೆ ನುಂಗಿ ಮಲಗಿದೆ. ಈಗ ಪರವಾಗಿಲ್ಲ. ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕಾ?

ಇವತ್ತೇ ಹೋಗಿ. ಗೆಡ್ಡೆಯೊಳಗೆ ರಕ್ತಸ್ರಾವವಾದರೆ ಹೀಗೇ ಆಗುತ್ತದೆ, ಕಾರ್ಟಿಸಾಲ್ ಒಂದೇ ಸಲಕ್ಕೆ ನೆಲ ಕಚ್ಚಬಹುದು. ತುರ್ತು ವಿಭಾಗದಲ್ಲಿ ತಲೆನೋವು ಎನ್ನುವ ಮೊದಲು 'ನನಗೆ ಪಿಟ್ಯುಟರಿ ಗೆಡ್ಡೆ ಇದೆ' ಎನ್ನಿ. ಇಲ್ಲದಿದ್ದರೆ ಮೈಗ್ರೇನ್ ಎಂದು ಮತ್ತೊಂದು ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ.