ಓದುಗರ ಪ್ರಶ್ನೆ: ಜಪಾನಿನ ಹಳ್ಳಿ ಬದುಕು ಎಲ್ಲಿ ನೋಡಲಿ?

ಪ್ರಶ್ನೆ: ಮಗಳು ಜಪಾನಿನ ಸೆಂಡೈಯಲ್ಲಿದ್ದಾಳೆ. ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ದೊಡ್ಡ ಊರಿನ ಮ್ಯೂಸಿಯಂ ಬೇಡ. ಹಳ್ಳಿಯವರ ಆಚರಣೆ, ನಂಬಿಕೆ ನೋಡುವ ಆಸೆ. ಭಾಷೆ ಬರುವುದಿಲ್ಲ. ಆರು ವರ್ಷದ ಮೊಮ್ಮಗನೂ ಜೊತೆಗಿರುತ್ತಾನೆ.
– ಓದುಗರೊಬ್ಬರು, ಕಟಪಾಡಿ

ಉತ್ತರ: ಅಕಿತಾ ಪ್ರಾಂತ್ಯದ ಓಗಾಗೆ ಹೋಗಿ. ಸಮುದ್ರದೊಳಗೆ ಚಾಚಿಕೊಂಡ ಊರದು. ಅಲ್ಲಿ ಡಿಸೆಂಬರ್ 31ರ ರಾತ್ರಿ ಊರಿನ ಗಂಡಸರು ಉಗ್ರ ಮುಖವಾಡ ಹಾಕಿ, ಮೈತುಂಬ ಹುಲ್ಲು ಸುತ್ತಿಕೊಂಡು ಮನೆಮನೆಗೆ ಬರುತ್ತಾರೆ. ಇವರೇ ನಮಹಗೆ. ನೋಡಲು ರಾಕ್ಷಸರ ಹಾಗಿದ್ದರೂ ಊರಿಗೆ ಅವರು ದೇವರು. 'ಅಳುವ ಮಕ್ಕಳಿದ್ದಾರಾ?' ಎಂದು ಗದರಿಸಿ, ಒಳ್ಳೆಯ ಬೆಳೆ, ಆರೋಗ್ಯ ಹರಸಿ ಹೋಗುತ್ತಾರೆ. 2018ರಲ್ಲಿ ಯುನೆಸ್ಕೊ ಜಪಾನಿನ ಇಂಥ ಹತ್ತು ಆಚರಣೆಗಳನ್ನು ಒಟ್ಟಿಗೆ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇದೂ ಅದರಲ್ಲಿದೆ.

ನಮಹಗೆ ಮ್ಯೂಸಿಯಂನಲ್ಲಿ ನೂರೈವತ್ತಕ್ಕೂ ಜಾಸ್ತಿ ಮುಖವಾಡಗಳಿವೆ. ಒಂದು ಹಳ್ಳಿಯದು ಮರದ್ದು, ಇನ್ನೊಂದರದು ಮರದ ತೊಗಟೆಯದು, ಮತ್ತೊಂದರದು ಬಿದಿರಿನ ಬುಟ್ಟಿಯದು. ಕೈಗೆ ಸಿಕ್ಕಿದ್ದರಲ್ಲೇ ಊರವರು ದೇವರನ್ನು ಮಾಡಿಕೊಂಡಿದ್ದಾರೆ. ನನಗೆ ಆ ಸಾಲು ಬಿಟ್ಟು ಬರಲು ಮನಸ್ಸಾಗಲಿಲ್ಲ. ಅವಸರ ಮಾಡಬೇಡಿ, ಬೇಕಾದರೆ ಬೇರೆ ಕೋಣೆಗಳನ್ನು ಬಿಡಿ.

ಪಕ್ಕದಲ್ಲೇ ಹುಲ್ಲು ಮಾಡಿನ ಹಳೇ ಮನೆ, ಶಿಂಜಾನ್ ಜಾನಪದ ಸಂಗ್ರಹಾಲಯ. ಚಪ್ಪಲಿ ಕಳಚಿ ಒಳಗೆ ಕೂತರೆ ಇಡೀ ಆಚರಣೆಯನ್ನು ಕಣ್ಣೆದುರೇ ಮಾಡಿ ತೋರಿಸುತ್ತಾರೆ. ಮೊದಲು ಒಬ್ಬ ಬಂದು ಯಜಮಾನನ ಅಪ್ಪಣೆ ಕೇಳುತ್ತಾನೆ. ಆಮೇಲೆ ನಮಹಗೆಗಳು ಒಳಗೆ ಬರುವಾಗ ಏಳು ಸಲ, ಊಟದ ಮಣೆಗೆ ಕೂರುವ ಮುಂಚೆ ಐದು ಸಲ, ಎದ್ದ ಮೇಲೆ ಮೂರು ಸಲ ನೆಲಕ್ಕೆ ಕಾಲು ಅಪ್ಪಳಿಸುತ್ತಾರೆ. ಯಜಮಾನ ಸಾಕೆ (ಅಕ್ಕಿಯ ಮದ್ಯ) ಕೊಟ್ಟು ಉಪಚರಿಸುತ್ತಾನೆ. ಆ ವರ್ಷ ಸಾವು ಅಥವಾ ಹೆರಿಗೆ ಆದ ಮನೆಗೆ ಅವರು ಕಾಲಿಡುವುದಿಲ್ಲ. ಸಾವಿನ ಸೂತಕ, ಹೆರಿಗೆಯ ಅಮೆ ಗೊತ್ತಿರುವ ನಮಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕಾ? ಭಾಷೆಯ ಚಿಂತೆ ಬಿಡಿ.

ಅವರ ಮೈಯಿಂದ ಉದುರಿದ ಹುಲ್ಲನ್ನು ತಲೆಗೆ ಸುತ್ತಿಕೊಂಡರೆ ಕಾಯಿಲೆ ಬಾರದು ಎಂಬ ನಂಬಿಕೆ ಇದೆ. ನನಗೆ ನೆನಪಾದದ್ದು ನಮ್ಮ ತುಳುನಾಡಿನ ಆಟಿ ಕಳೆಂಜ. ತೆಂಗಿನ ತಿರಿ (ಎಳೆಗರಿ) ಉಟ್ಟು, ಸುರಿವ ಮಳೆಯಲ್ಲಿ ಮನೆಮನೆಗೆ ಬಂದು ಮಾರಿ ಕಳೆಯುವವನು ಅವನೂ ಅಲ್ವಾ? ಈಗ ಕಳೆಂಜ ಬಾರದ ಓಣಿಗಳೇ ಜಾಸ್ತಿ ಎಂಬುದು ನನ್ನ ಸಂಕಟ. ಓಗಾದಲ್ಲೂ ಯುವಕರಿಲ್ಲದೆ ಎಷ್ಟೋ ಹಳ್ಳಿಗಳಲ್ಲಿ ಇದು ನಿಂತಿದೆ. ಆದರೆ ಆ ಹಳ್ಳಿಗಳ ಮುಖವಾಡಕ್ಕೆ ಒಂದು ಗೋಡೆಯಾದರೂ ಸಿಕ್ಕಿದೆ.

ಸೆಂಡೈಯಿಂದ ಕೊಮಾಚಿ ಎಂಬ ಶಿಂಕಾನ್ಸೆನ್ (ಬುಲೆಟ್ ರೈಲು) ಹಿಡಿದು ಅಕಿತಾ, ಅಲ್ಲಿಂದ ಓಗಾ ರೈಲಿನಲ್ಲಿ ಸುಮಾರು ಒಂದು ಗಂಟೆ. ಕೊಮಾಚಿಗೆ ಸೀಟು ಕಾದಿರಿಸಲೇಬೇಕು. ನಿಲ್ದಾಣದಿಂದ ಮ್ಯೂಸಿಯಂ ನಡೆದು ಹೋಗುವಷ್ಟು ಹತ್ತಿರವಿಲ್ಲ, ವಾಹನವನ್ನು ಮುಂಚೆಯೇ ಗೊತ್ತುಮಾಡಿ. ಚಳಿಗಾಲದಲ್ಲಿ ಪ್ರದರ್ಶನದ ದಿನಗಳು ಕಡಿಮೆ. ದಿನ, ಹೊತ್ತು ಕೇಳಿಕೊಂಡೇ ಹೊರಡಿ.

ಮೊಮ್ಮಗ ಹೆದರುತ್ತಾನೆ, ಖಂಡಿತ. ಬಾಗಿಲು ಬಡಿಯುವ ಸದ್ದಿಗೆ ದೊಡ್ಡವರೇ ಬೆಚ್ಚುತ್ತಾರೆ. ಮೊದಲೇ ಕಥೆ ಹೇಳಿರಿ, ಹಿಂದಿನ ಸಾಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಿ.