383 ಘನ ಇಂಚಿನ ಎಂಜಿನ್ ಕಟ್ಟುವಾಗ ದಪ್ಪ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಹಾಕಿ ಕಂಪ್ರೆಶನ್ ಇಳಿಸಬಹುದಾ?

ಬೇಡ. ಶೆವ್ರೊಲೆ 350 ಎಂಜಿನ್ನಿನ ಬ್ಲಾಕು (ಸಿಲಿಂಡರುಗಳಿರುವ ಭಾಗ), 400 ಎಂಜಿನ್ನಿನ ಕ್ರಾಂಕು (ಪಿಸ್ಟನ್ನುಗಳು ತಿರುಗಿಸುವ ದಂಡ), ಉರಿಯುವ ಜಾಗ 64 ಸಿಸಿ ಇರುವ ಕಬ್ಬಿಣದ ಹೆಡ್ಡು (ಸಿಲಿಂಡರುಗಳ ಮುಚ್ಚಳ), ಲೆಕ್ಕ ಹಾಕಿದರೆ ಕಂಪ್ರೆಶನ್, ಅಂದರೆ ಗಾಳಿ-ಪೆಟ್ರೋಲನ್ನು ಹಿಂಡುವ ಅನುಪಾತ, ಹತ್ತೂವರೆ. ನೀವು ಬರೆದಿರುವುದು ನನ್ನ 1972ರ ನೋವಾ ಕಾರಿನ ಕಥೆಯೇ.

ನಮ್ಮ ಮನೆ ಅಮೆರಿಕದ ಡೆಟ್ರಾಯಿಟ್ ಹತ್ತಿರ, ಹಳೇ ಪಾರ್ಟುಗಳಿಗೆ ಬರವಿಲ್ಲ. 400ರ ಕ್ರಾಂಕಿನ ಮೇನ್ ಜರ್ನಲ್ (ಬ್ಲಾಕಿನಲ್ಲಿ ಕೂತು ತಿರುಗುವ ಭಾಗ) 2.65 ಇಂಚು, 350ಕ್ಕೆ ಬೇಕಾದ್ದು 2.45. ಮಷಿನ್ ಶಾಪಿನಲ್ಲಿ ಉಜ್ಜಿಸಿ ಅಷ್ಟಕ್ಕೆ ಇಳಿಸಿದೆ, ಬೋರ್ (ಸಿಲಿಂಡರಿನ ಅಗಲ) 4.030ಕ್ಕೆ ಹಿಗ್ಗಿಸಿದೆ. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 3.48ರಿಂದ 3.75 ಆಯಿತು. ಅದೊಂದರಿಂದಲೇ 9.8 ಇರಬೇಕಿದ್ದ ಕಂಪ್ರೆಶನ್ 10.5ಕ್ಕೆ ಏರಿತು.

ಇಳಿಸೋಣ ಅಂತ 0.039 ಇಂಚಿನ ಗ್ಯಾಸ್ಕೆಟ್ ಬದಲು 0.065ರದ್ದು ಹಾಕಿದೆ. ಲೆಕ್ಕದಲ್ಲಿ 9.9 ಬಂತು, ಖುಷಿಪಟ್ಟೆ. ಫ್ರೀವೇ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಡಬ್ಬದಲ್ಲಿ ಹುಣಸೆಬೀಜ ಕುಲುಕಿದ ಹಾಗೆ ಸದ್ದು, ಅದೇ ನಾಕಿಂಗ್. 93 ಆಕ್ಟೇನಿನ (ನಾಕಿಂಗ್ ತಡೆಯುವ ಗುಣದ ಅಳತೆ) ಪ್ರೀಮಿಯಂ ಪೆಟ್ರೋಲ್ ಹಾಕಿದ್ದರೂ! (ಭಾರತದ ಆಕ್ಟೇನ್ ನಂಬರಿಗೆ ಹೋಲಿಸಬೇಡಿ. ಅಲ್ಲಿನ 95 ಅಂದರೆ ಇಲ್ಲಿನ 91ರ ಹತ್ತಿರ.) ಕಿಡಿ ಹೊತ್ತುವ ಟೈಮಿಂಗ್ ಹಿಂದಕ್ಕೆ ತಂದೆ, ಅಂದರೆ ತಡಮಾಡಿದೆ. ಸದ್ದು ಕಮ್ಮಿಯಾಯಿತು, ಬಿಸಿ ಜಾಸ್ತಿಯಾಯಿತು, ಗಾಡಿ ಎಳೆಯಲಿಲ್ಲ. ಆಮೇಲೆ ನೀಲಿ ಹೊಗೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಬಿಳೀ ಪಿಂಗಾಣಿ ಮೇಲೆ ಸಣ್ಣ ಕರಿ ಚುಕ್ಕೆಗಳು, ನಡುವೆ ಮಿನುಗುವ ಅಲ್ಯೂಮಿನಿಯಂ ಕಣಗಳು. ಏಳನೇ ಸಿಲಿಂಡರಿನ ಪಿಸ್ಟನ್ನಿನಲ್ಲಿ ಎರಡು ರಿಂಗಿನ ನಡುವಿನ ಅಂಚೇ ಕಿತ್ತುಬಂದಿತ್ತು.

ಕಂಪ್ರೆಶನ್ ಇಳಿದರೂ ನಾಕಿಂಗ್ ಯಾಕೆ? ಈ ಹೆಡ್ಡಿನ ಒಂದು ಬದಿ ಚಪ್ಪಟೆ. ಪಿಸ್ಟನ್ ಮೇಲೆ ಬಂದಾಗ ಅಲ್ಲಿನ ಗಾಳಿ-ಪೆಟ್ರೋಲನ್ನು ಹಿಂಡಿ ಪ್ಲಗ್ಗಿನ ಕಡೆ ತಳ್ಳುತ್ತದೆ. ಅದು ಸುಳಿದಾಡಿ ಬೇಗ ಉರಿಯುತ್ತದೆ. ಇದಕ್ಕೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಸುಮಾರು 0.040 ಇಂಚು ಜಾಗ ಇರಬೇಕು. ನನ್ನ ಪಿಸ್ಟನ್ ಮೊದಲೇ ಬ್ಲಾಕಿನ ಅಂಚಿಗಿಂತ 0.025 ಕೆಳಗಿತ್ತು. ಮೇಲೆ 0.065ರ ಗ್ಯಾಸ್ಕೆಟ್. ಒಟ್ಟು 0.090! ಹಿಂಡುವುದೇ ನಿಂತಿತು. ಮೂಲೆಯಲ್ಲಿ ಉಳಿದದ್ದು ಕಾದು, ಬೆಂಕಿ ತಲುಪುವ ಮೊದಲೇ ತಾನಾಗಿ ಸಿಡಿಯುತ್ತಿತ್ತು. ನಾನು ಅನುಪಾತ ಮಾತ್ರ ನೋಡಿದೆ, ಈ ಅಂತರ ಅಳೆಯಲೇ ಇಲ್ಲ.

ಎರಡನೇ ಸಲ ಬ್ಲಾಕಿನ ಮೇಲ್ಮೈ ಸ್ವಲ್ಪ ಕೆರೆಸಿ ಪಿಸ್ಟನ್ ಅಂಚಿನ ಸಮಕ್ಕೆ ತಂದೆ. ಗ್ಯಾಸ್ಕೆಟ್ ಅದೇ 0.039. ಪಿಸ್ಟನ್ ಮಾತ್ರ ತಲೆಯಲ್ಲಿ 18 ಸಿಸಿ ಗುಂಡಿ ಇರುವುದು. ಗುಂಡಿ ಡಿ ಆಕಾರದ್ದೇ ಇರಲಿ, ಆಗ ಚಪ್ಪಟೆ ಬದಿ ಹಾಗೇ ಉಳಿಯುತ್ತದೆ. 9.7 ಬಂತು. ಲೆಕ್ಕಕ್ಕೆ ಮೊದಲಿನದಕ್ಕೂ ಇದಕ್ಕೂ ಏನು ಮಹಾ ವ್ಯತ್ಯಾಸ, ಅಲ್ವಾ? ಆದರೆ ಬೇಸಿಗೆಯಲ್ಲಿ ಏಸಿ ಹಾಕಿಕೊಂಡು ಹೋದರೂ ಈಗ ಸದ್ದಿಲ್ಲ.

ಅಷ್ಟಕ್ಕೂ ಕಬ್ಬಿಣದ ಹೆಡ್ಡಿಟ್ಟುಕೊಂಡು, ಬಂಕಿನ ಪೆಟ್ರೋಲಲ್ಲಿ ಓಡುವ ಗಾಡಿಗೆ ಹತ್ತೂವರೆ ಯಾಕೆ? ಕಂಪ್ರೆಶನ್ ಒಂದು ಪಾಯಿಂಟ್ ಇಳಿಸಿದರೆ ಹೋಗುವುದು ಶೇಕಡಾ 3-4ರಷ್ಟು ಪವರ್. ಟಾರ್ಕ್ (ಎಳೆಯುವ ಬಲ) ಕೊಡಲು ಉದ್ದದ ಸ್ಟ್ರೋಕ್ ಇದೆಯಲ್ಲ. ಸುಮ್ನೆ ಒಂಬತ್ತೂವರೆ ಆಸುಪಾಸಿಗೆ ಕಟ್ಟಿ.

ಇನ್ನೊಂದು, ನೀವು ಕೇಳಿಲ್ಲ. 400ರ ಹಳೇ ಕ್ರಾಂಕ್ ಹಾಕಿದರೆ ಅದರ ಮುಂದಿನ ತುದಿಯ ಬ್ಯಾಲೆನ್ಸರ್, ಹಿಂದಿನ ತುದಿಯ ಫ್ಲೆಕ್ಸ್‌ಪ್ಲೇಟ್ (ಕ್ರಾಂಕಿನ ತೂಕ ಸರಿದೂಗಿಸುವ ಚಕ್ರಗಳು) ಎರಡೂ 400ರದ್ದೇ ತನ್ನಿ. 350ರದ್ದೂ ಸರಿಯಾಗಿ ಕೂರುತ್ತದೆ, ಅದೇ ತೊಂದರೆ. ಸ್ಟಾರ್ಟ್ ಮಾಡಿದ ಮೇಲೆ ಇಡೀ ಗಾಡಿ ನಡುಗುತ್ತದೆ.